ವಿದೇಶಕ್ಕೆ ಹೊರಟಿದ್ದೇವೆ, ಎರಡು ಆಸ್ಕರ್ ಮತ್ತು ಒಂದು ದೊಡ್ಡ ಸಕ್ಕರ್ ಮೀನಿಗೆ ಮನೆ ಬೇಕು. ಯಾರಿಗೆ ಕೊಡುವುದು?

ಬಸವನಗುಡಿ_ಮನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಜರ್ಮನಿಯ ಕಲೋನ್‌ನಲ್ಲಿ ಕೆಲಸ ಸಿಕ್ಕಿದೆ. ದೀಪಾವಳಿ ಮುಗಿಸಿಕೊಂಡು ಎಲ್ಲರೂ ಹೊರಡುತ್ತೇವೆ. ಮನೆ ಸಾಮಾನಿಗೆಲ್ಲ ಒಂದೊಂದು ದಾರಿ ಆಗಿದೆ. ಫ್ರಿಜ್ ನಾದಿನಿಗೆ, ಸ್ಕೂಟರ್ ಮಾರಿಯಾಯಿತು, ಗಿಡದ ಕುಂಡಗಳು ಪಕ್ಕದ ಮನೆ ಆಂಟಿಗೆ. ಉಳಿದಿರುವುದು ಮೀನುಗಳು. ನನ್ನ ನಿದ್ದೆ ಕೆಡಿಸಿರುವುದೂ ಅವೇ.

4 ಅಡಿ ಟ್ಯಾಂಕಿನಲ್ಲಿ ಎರಡು ಟೈಗರ್ ಆಸ್ಕರ್ ಇವೆ, ಒಂದೊಂದೂ ಹತ್ತು ಇಂಚಿನ ಹತ್ತಿರ ಬೆಳೆದಿವೆ. ಅದೇ ಟ್ಯಾಂಕಿನಲ್ಲಿ ಒಂದು ಸಕ್ಕರ್ ಇದೆ, ಅದೇ, ಅಂಗಡಿಯವರು ಟ್ಯಾಂಕ್ ಕ್ಲೀನರ್ ಅಂತ ಕೊಡುತ್ತಾರಲ್ಲ, ಅದು. ತಂದಾಗ ಬೆರಳುದ್ದ ಇತ್ತು, ಈಗ ಒಂದು ಅಡಿಗೂ ಜಾಸ್ತಿ. ಇನ್ನೊಂದು ಚಿಕ್ಕ ಟ್ಯಾಂಕಿನಲ್ಲಿ ಒಂದು ವಯಸ್ಸಾದ ಏಂಜೆಲ್ ಮತ್ತು ಲೆಕ್ಕ ಇಡಲಾಗದಷ್ಟು ಗಪ್ಪಿ.

ಹತ್ತಿರದ ಅಂಗಡಿಯಲ್ಲಿ ಕೇಳಿದೆ. ಆಸ್ಕರ್ ದೊಡ್ಡದಾಗಿದೆ, ಇಡಲು ಜಾಗ ಇಲ್ಲ ಎಂದರು. ಸಕ್ಕರ್ ಅಂದ ತಕ್ಷಣ ಕೈ ಮುಗಿದರು. ನಮ್ಮ ಅತ್ತೆ, ಯಾವುದಾದರೂ ದೇವಸ್ಥಾನದ ಕಲ್ಯಾಣಿಗೆ ಬಿಟ್ಟುಬಿಡೋಣ, ಪುಣ್ಯ ಬರುತ್ತದೆ, ಅಲ್ಲಿ ಜನ ಪುರಿ ಹಾಕುತ್ತಾರೆ ಎನ್ನುತ್ತಾರೆ. ಕೆಳಗಿನ ಮನೆಯವರು ಸ್ಯಾಂಕಿ ಕೆರೆಗೆ ಬಿಡಿ ಅಂದರು. ನನಗೆ ಯಾಕೋ ಅದು ಸರಿ ಕಾಣುತ್ತಿಲ್ಲ. ಊಟದ ಹೊತ್ತಿಗೆ ಗಾಜಿನ ಹತ್ತಿರ ಬಂದು ನನ್ನ ಕೈಯನ್ನೇ ನೋಡುತ್ತಾ ನಿಲ್ಲುವ ಮೀನುಗಳು ಇವು, ಎಲ್ಲೋ ಸುರಿದು ಬರುವುದು ಹೇಗೆ?

ದುಡ್ಡು ಬೇಡ. ಚೆನ್ನಾಗಿ ನೋಡಿಕೊಳ್ಳುವವರು ಬೇಕು. ಯಾರನ್ನು ಕೇಳಬೇಕು, ಹೇಗೆ ಸಾಗಿಸಬೇಕು, ಗೊತ್ತಿರುವವರು ದಯವಿಟ್ಟು ಹೇಳಿ.

ವಿಜಯನಗರ_ಟ್ಯಾಂಕು:

ಮೇಡಂ, ಮೊದಲು ಒಂದು ಮಾತು. ದೀಪಾವಳಿವರೆಗೆ ಕಾಯಬೇಡಿ, ಇವತ್ತೇ ಶುರು ಮಾಡಿ. ಗಪ್ಪಿಗೆ ಒಂದೇ ದಿನದಲ್ಲಿ ಜನ ಸಿಗುತ್ತಾರೆ, ಆದರೆ ದೊಡ್ಡ ಆಸ್ಕರ್ ತೆಗೆದುಕೊಳ್ಳಬಲ್ಲವರು ನೂರರಲ್ಲಿ ಒಬ್ಬರು. ಆ ಒಬ್ಬರನ್ನು ಹುಡುಕಲು ಟೈಮ್ ಬೇಕು. ಹೊರಡುವ ಹಿಂದಿನ ವಾರ ಸೂಟ್‌ಕೇಸ್ ತುಂಬುವ ಗಡಿಬಿಡಿಯಲ್ಲಿ ಸಿಕ್ಕವರಿಗೆ ಕೊಟ್ಟು ಕೈ ತೊಳೆದುಕೊಳ್ಳುವ ಹಾಗಾಗುತ್ತದೆ, ಅನುಭವಿಸುವುದು ಮೀನು.

ಎಲ್ಲಿ ಕೇಳಬೇಕು ಅಂದರೆ, ಅಂಗಡಿಗಿಂತ ಮೊದಲು ಮೀನು ಸಾಕುವವರ ವಾಟ್ಸಾಪ್, ಫೇಸ್‌ಬುಕ್ ಗುಂಪುಗಳಲ್ಲಿ ಹಾಕಿ. ದೊಡ್ಡ ಮೀನನ್ನೇ ಸಾಕುವವರ ಗುಂಪುಗಳು ಬೇರೆಯೇ ಇವೆ, ಅವರು ಇದನ್ನು ಮಾನ್‌ಸ್ಟರ್ ಫಿಶ್ ಅಂತಾರೆ. ಅಂಗಡಿಗಳನ್ನೂ ಬಿಡಬೇಡಿ, ಆದರೆ ಗಲ್ಲಿಯ ಸಣ್ಣ ಅಂಗಡಿ ಅಲ್ಲ, ಐದಾರು ಅಡಿ ಟ್ಯಾಂಕ್ ಇಟ್ಟುಕೊಂಡಿರುವ ದೊಡ್ಡ ಅಂಗಡಿಗಳಿಗೆ ಫೋಟೋ ಕಳಿಸಿ. ಶಿವಾಜಿನಗರದ ರಸೆಲ್ ಮಾರ್ಕೆಟ್ ಕಡೆ ಒಂದು ಸುತ್ತು ಹೋಗಿ ಬಂದರೂ ಒಳ್ಳೆಯದು.

ಜನ ಸಾಮಾನ್ಯವಾಗಿ ಮರೆಯುವ ಇನ್ನೊಬ್ಬ ಮನುಷ್ಯ ಇದ್ದಾನೆ. ಆಫೀಸು, ಕ್ಲಿನಿಕ್ಕು, ಹೋಟೆಲ್‌ಗಳ ಟ್ಯಾಂಕುಗಳನ್ನು ತಿಂಗಳ ಲೆಕ್ಕದಲ್ಲಿ ಕ್ಲೀನ್ ಮಾಡಿಕೊಡುವವನು. ನಿಮ್ಮ ಏರಿಯಾದಲ್ಲಿ ಅಂಥವರು ಖಂಡಿತ ಇರುತ್ತಾರೆ. ಯಾರ ಹತ್ತಿರ ದೊಡ್ಡ ಟ್ಯಾಂಕು ಖಾಲಿ ಬಿದ್ದಿದೆ, ಯಾರು ಮೀನನ್ನು ನಿಜವಾಗಿ ನೋಡಿಕೊಳ್ಳುತ್ತಾರೆ, ಯಾರು ಸುಮ್ನೆ ಶೋಗೆ ಇಟ್ಟಿದ್ದಾರೆ, ಅವನಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಅವನ ಹತ್ತಿರ ಕೇಳಿ.

ಜಾಹೀರಾತಿನಲ್ಲಿ ಎಲ್ಲ ಬಿಚ್ಚಿ ಬರೆಯಿರಿ. ಮೀನಿನ ಪಕ್ಕ ಸ್ಕೇಲ್ ಹಿಡಿದು ಫೋಟೋ, ವಯಸ್ಸು, ಏನು ತಿನ್ನುತ್ತದೆ, ಕಾವೇರಿ ನೀರಿನಲ್ಲಿದೆಯೋ ಬೋರ್ ನೀರಿನಲ್ಲಿದೆಯೋ, ಹಿಂದೆ ಯಾವುದಾದರೂ ಕಾಯಿಲೆ ಬಂದಿತ್ತೋ. ಎರಡು ಆಸ್ಕರ್ ಜೊತೆಯಲ್ಲೇ ಬೆಳೆದಿದ್ದರೆ ಜೊತೆಯಲ್ಲೇ ಕೊಡುತ್ತೇನೆ ಅಂತ ಹಾಕಿ. ಆಸ್ಕರ್ ಹತ್ತು ವರ್ಷಕ್ಕೂ ಮೀರಿ ಬದುಕುವ ಮೀನು, ತೆಗೆದುಕೊಳ್ಳುವವರಿಗೆ ಅದು ಗೊತ್ತಿರಲಿ.

ದುಡ್ಡು ಬೇಡ ಅಂದಿರಿ. ನನ್ನ ಅಭಿಪ್ರಾಯ ಬೇರೆ. ಫ್ರೀ ಅಂತ ಹಾಕಿದರೆ ನೂರು ಮೆಸೇಜ್ ಬರುತ್ತವೆ, ಅದರಲ್ಲಿ ಮುಕ್ಕಾಲು ಪಾಲು ಜನರ ಹತ್ತಿರ ಟ್ಯಾಂಕೇ ಇರುವುದಿಲ್ಲ. ಮಗು ಕೇಳಿತು ಅಂತ ಒಂದು ಬಕೆಟ್ ಹಿಡಿದುಕೊಂಡು ಬರುತ್ತಾರೆ. ಸ್ವಲ್ಪ ಬೆಲೆ ಇಡಿ. ಸರಿಯಾದವರು ಸಿಕ್ಕ ಮೇಲೆ ಬೇಡ ಅನ್ನಿ, ಅದು ನಿಮ್ಮ ಇಷ್ಟ. ಮತ್ತೆ, ಯಾರೇ ಬರಲಿ, ಅವರ ಟ್ಯಾಂಕು ಓಡುತ್ತಿರುವ ವಿಡಿಯೋ ಮೊದಲು ತರಿಸಿಕೊಳ್ಳಿ. ನಿಮ್ಮ ಟ್ಯಾಂಕು, ಫಿಲ್ಟರ್, ಸ್ಟ್ಯಾಂಡು, ಹೀಟರ್ ಎಲ್ಲ ಸೇರಿಸಿ ಮೀನಿನ ಸಮೇತ ಒಂದೇ ಸೆಟ್ ಆಗಿ ಕೊಟ್ಟರೆ ಇನ್ನೂ ಒಳ್ಳೆಯದು. ಟ್ಯಾಂಕು ಒಬ್ಬರಿಗೆ ಮಾರಿ ಮೀನು ಉಳಿಸಿಕೊಂಡರೆ ಆಮೇಲೆ ಪರದಾಡಬೇಕು.

ಕಡಲತಡಿ:

ನಾನು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದವಳು. ನಿಮಗೆ ಅದು ಸರಿ ಕಾಣುತ್ತಿಲ್ಲ ಅಂದಿದ್ದೀರಲ್ಲ, ನಿಮ್ಮ ಮನಸ್ಸು ಹೇಳಿದ್ದೇ ಸರಿ. ಕೆರೆ, ಕಲ್ಯಾಣಿ, ಕಾಲುವೆ, ಹೊಳೆ, ಎಲ್ಲಿಗೂ ಬಿಡಬೇಡಿ. ಅತ್ತೆಯವರಿಗೆ ಹೇಳಲು ಅನುಕೂಲ ಆಗಲಿ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಿಮ್ಮ ಸಕ್ಕರ್ ದಕ್ಷಿಣ ಅಮೆರಿಕದ್ದು. ಮೈಮೇಲೆ ಗಟ್ಟಿ ಕವಚ, ರೆಕ್ಕೆಯಲ್ಲಿ ಮುಳ್ಳು, ಹಾಗಾಗಿ ನಮ್ಮ ಕಡೆಯ ಹಕ್ಕಿ, ಮೀನು ಅದನ್ನು ಸುಲಭವಾಗಿ ತಿನ್ನಲಾರವು. ಆಕ್ಸಿಜನ್ ಕಡಿಮೆ ಇರುವ ಕೊಳಕು ನೀರಿನಲ್ಲೂ ಮೇಲೆ ಬಂದು ಗಾಳಿ ನುಂಗಿ ಬದುಕುತ್ತದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ನಿಮಗೆ ನೆನಪಿರಬಹುದು. ಅಂಥ ನೀರಿನಲ್ಲಿ ಊರಿನ ಮೀನು ಸಾಯುತ್ತದೆ, ಸಕ್ಕರ್ ಉಳಿಯುತ್ತದೆ. ದಂಡೆಯಲ್ಲಿ ಬಿಲ ಕೊರೆದು ಮೊಟ್ಟೆ ಇಡುತ್ತದೆ, ದಂಡೆ ಕುಸಿಯುತ್ತದೆ. ಬೇರೆ ಮೀನುಗಳ ಮೊಟ್ಟೆಯನ್ನೂ ಪಾಚಿಯ ಜೊತೆ ಬಳಿದುಕೊಂಡು ಹೋಗುತ್ತದೆ. ಆಂಧ್ರ, ತೆಲಂಗಾಣದ ಮೀನುಗಾರರನ್ನು ಕೇಳಿ ನೋಡಿ. ಬಲೆಗೆ ಸಿಕ್ಕರೆ ಬಲೆ ಹರಿಯುತ್ತದೆ, ಹಿಡಿದರೆ ಕೊಳ್ಳುವವರಿಲ್ಲ. 2020ರಲ್ಲಿ ವಾರಾಣಸಿ ಹತ್ತಿರ ಗಂಗೆಯಲ್ಲೇ ಸಿಕ್ಕಿತು. ಅಮೆಜಾನ್ ಕಡೆಯ ಮೀನು ಗಂಗೆಗೆ ಈಜಿಕೊಂಡು ಬರಲಿಲ್ಲ ಅಲ್ವಾ? ಯಾರದೋ ಟ್ಯಾಂಕಿನಿಂದಲೋ, ಮೀನು ಸಾಕುವ ಫಾರಂನಿಂದಲೋ ಬಂದಿದ್ದು.

ಇದೊಂದೇ ಅಲ್ಲ. 2023ರ ಮೇನಲ್ಲಿ ಶ್ರೀನಗರದ ದಾಲ್ ಸರೋವರ ಕ್ಲೀನ್ ಮಾಡುವಾಗ ಮೊಸಳೆ ಮೂತಿಯ ಅಲಿಗೇಟರ್ ಗಾರ್ ಸಿಕ್ಕಿತು, ಅದು ಉತ್ತರ ಅಮೆರಿಕದ ಮೀನು. 2018ರ ಕೇರಳ ಪ್ರವಾಹದಲ್ಲಿ ಸಾಕುವ ಕೊಳಗಳು ತುಂಬಿ ಹರಿದು ಅರಪೈಮಾ ಅನ್ನುವ ಅಮೆಜಾನ್ ಕಡೆಯ ದೈತ್ಯ ಮೀನು ತಪ್ಪಿಸಿಕೊಂಡು ಚಾಲಕುಡಿ ಹೊಳೆಯಲ್ಲಿ ಬಲೆಗೆ ಬಿತ್ತು. ನಮ್ಮ ಕೆರೆಗಳಲ್ಲಿ ಈಗ ಎಲ್ಲಿ ನೋಡಿದರೂ ಸಿಗುವ ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಅದೂ ಆಫ್ರಿಕಾದ್ದು. 1952ರಲ್ಲಿ ದೇಶಕ್ಕೆ ತಂದರು, ಮತ್ತೆ ವಾಪಸ್ ಕಳಿಸಲು ಆಗಲೇ ಇಲ್ಲ.

ಹೊರದೇಶದ್ದೇ ಆಗಬೇಕು ಅಂತಲೂ ಇಲ್ಲ. ಕಾವೇರಿಯ ದೊಡ್ಡ ಗೂನುಬೆನ್ನಿನ ಮಹಸೀರ್ ಬೇರೆ ಯಾವ ಹೊಳೆವ್ಯವಸ್ಥೆಯಲ್ಲೂ ಇಲ್ಲ. ಅದೇ ನದಿಗೆ ಬೇರೆ ಕಡೆಯ ನೀಲಿ ರೆಕ್ಕೆಯ ಮಹಸೀರ್ ಮರಿಗಳನ್ನು ಒಳ್ಳೆಯ ಉದ್ದೇಶದಿಂದಲೇ ವರ್ಷಾನುಗಟ್ಟಲೆ ಬಿಟ್ಟರು. 2018ರ ಹೊತ್ತಿಗೆ ಕಾವೇರಿಯದು ಅಳಿವಿನ ಅಂಚಿನ ಕೆಂಪು ಪಟ್ಟಿಗೆ ಸೇರಿತು. ಕಾರಣ ಇನ್ನೂ ಇವೆ, ಮರಳು ತೆಗೆಯುವುದು, ಅಣೆಕಟ್ಟು, ಸಿಡಿಮದ್ದು ಹಾಕಿ ಹಿಡಿಯುವುದು. ಆದರೆ ಹೊರಗಿನ ಮೀನು ಬಿಟ್ಟಿದ್ದು ದೊಡ್ಡ ಕಾರಣ. ಒಳ್ಳೆಯದೇ ಆಗಲಿ ಅಂತ ಬಿಟ್ಟ ಮೀನಿನಿಂದ ಹೀಗಾಯಿತು ಅನ್ನುವುದು ನನಗೆ ಇವತ್ತಿಗೂ ಸಂಕಟದ ವಿಷಯ.

ಬೆಂಗಳೂರಿನ ಕೆರೆ ಮುಚ್ಚಿದ ತೊಟ್ಟಿ ಅಂತ ತಿಳಿಯಬೇಡಿ. ರಾಜಕಾಲುವೆಯಿಂದ ಒಂದು ಕೆರೆ ಇನ್ನೊಂದಕ್ಕೆ ಹರಿಯುತ್ತದೆ. ಬೆಳ್ಳಂದೂರಿನ ನೀರು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ, ಅಲ್ಲಿಂದ ತಮಿಳುನಾಡಿಗೆ. ವೃಷಭಾವತಿ ಕಡೆಯದು ಅರ್ಕಾವತಿಗೆ ಸೇರಿ ಕಾವೇರಿಗೆ ಹೋಗುತ್ತದೆ. ಇನ್ನು ನಿಮ್ಮ ಆಸ್ಕರ್ ಪಾಪ, ಬಿಟ್ಟರೆ ಅದಕ್ಕೂ ಒಳ್ಳೆಯದಾಗುವುದಿಲ್ಲ. ಪೆಲ್ಲೆಟ್, ಅಂದರೆ ಅಂಗಡಿಯ ಕಾಳಿನಂಥ ಮೀನಾಹಾರ ತಿಂದು ಬೆಳೆದ ಮೀನು, ಮನುಷ್ಯರ ನೆರಳು ಕಂಡರೆ ಹತ್ತಿರ ಬರುತ್ತದೆ, ಮೊದಲ ದಿನವೇ ಗಾಳಕ್ಕೋ ಕೊಕ್ಕರೆಗೋ ಸಿಗುತ್ತದೆ. ಇಲ್ಲವೇ ಕಲ್ಯಾಣಿಯಲ್ಲಿರುವ ಸಣ್ಣ ಮೀನೆಲ್ಲ ತಿಂದು ಮುಗಿಸುತ್ತದೆ.

ತುಂಗೆ_ದಂಡೆ:

ನಾನು ತೀರ್ಥಹಳ್ಳಿಯವನು. ಅತ್ತೆಯವರ ಮಾತಿಗೆ ಒಂದು ಉತ್ತರ ನನ್ನ ಕಡೆಯಿಂದ. ನಮ್ಮ ಚಿಪ್ಪಲಗುಡ್ಡೆ, ಶೃಂಗೇರಿ, ಬೆಳ್ತಂಗಡಿ ಕಡೆಯ ಶಿಶಿಲ, ಇಲ್ಲೆಲ್ಲ ದೇವರ ಮೀನು ಅಂತ ಹೊಳೆಯ ಮೀನನ್ನು ಯಾರೂ ಮುಟ್ಟುವುದಿಲ್ಲ. ಇದನ್ನು ನೋಡಿ ಬೆಂಗಳೂರಿಂದ ಬರುವವರು, ಇಲ್ಲಿ ಬಿಟ್ಟರೆ ನಮ್ಮ ಮೀನೂ ಕ್ಷೇಮ ಅಂದುಕೊಳ್ಳುತ್ತಾರೆ. ಆದರೆ ದೇವರ ಮೀನು ಅಂದರೆ ಆ ಹೊಳೆಯಲ್ಲೇ ಹುಟ್ಟಿದ ಮೀನು. ಅದರ ಮಧ್ಯಕ್ಕೆ ಅಂಗಡಿ ಮೀನು ತಂದು ಬಿಟ್ಟರೆ ಅದರ ಮೈಯ ಹೇನು, ಹುಳ, ಕಾಯಿಲೆ ಎಲ್ಲ ಇವಕ್ಕೆ ಅಂಟುತ್ತದೆ. ಅಜ್ಜಿ ತಾತಂದಿರ ಕಾಲದಿಂದ ಕಾಪಾಡಿಕೊಂಡು ಬಂದಿದ್ದು, ಒಂದು ಮಳೆಗಾಲದಲ್ಲಿ ಹೋದರೆ ಯಾರನ್ನು ಕೇಳುವುದು? ಪುಣ್ಯಕ್ಕೆ ಅಂತಲೇ ಆದರೆ ಅಲ್ಲಿಗೆ ಬಂದು ಅಕ್ಕಿ, ಪುರಿ ಹಾಕಿ ಹೋಗಿ. ಮೀನು ತರಬೇಡಿ ಅಷ್ಟೇ.

ಟ್ಯಾಂಕಿನ ಗಿಡಗಳನ್ನೂ ಚರಂಡಿಗೆ ಎಸೆಯಬೇಡಿ. ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ ಕಸಕ್ಕೆ ಹಾಕಿ. ಕೆರೆ ತುಂಬಾ ಹಬ್ಬಿರುವ ನೇರಳೆ ಹೂವಿನ ವಾಟರ್ ಹಯಸಿಂತ್ ಕೂಡ ಚೆಂದಕ್ಕೆ ಅಂತ ತಂದ ಗಿಡವೇ.

ಬಸವನಗುಡಿ_ಮನೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅತ್ತೆಗೆ ಕಡಲತಡಿ ಅವರು ಬರೆದಿದ್ದನ್ನು ಓದಿ ಹೇಳಿದೆ. ಬಲೆ ಹರಿಯುವ ವಿಷಯ ಕೇಳಿ, ಬೆಸ್ತರ ಹೊಟ್ಟೆ ಮೇಲೆ ಹೊಡೆದ ಹಾಗಾಗುತ್ತದೆ, ಬೇಡ ಬಿಡು ಅಂದರು. ಇನ್ನೆರಡು ಪ್ರಶ್ನೆ. ಒಂದು, ಆಸ್ಕರ್‌ಗಳನ್ನು ನಮ್ಮ ಜೊತೆಯೇ ಕರೆದುಕೊಂಡು ಹೋಗಲು ಆಗುತ್ತದಾ? ಮಗಳು ದಿನಾ ಕೇಳುತ್ತಾಳೆ. ಎರಡು, ಗಪ್ಪಿಯನ್ನು ಸೊಳ್ಳೆ ಮರಿ ತಿನ್ನಲಿ ಅಂತ ಪಾರ್ಕಿನ ಕೊಳಕ್ಕೆ ಬಿಡಬಹುದು ಅಂತ ಒಬ್ಬರು ಹೇಳಿದರು. ಅದಾದರೂ ಸರಿಯಾ?

ರೈನ್_ದಡದಿಂದ:

ಕಲೋನ್‌ಗೆ ಸ್ವಾಗತ ಮೇಡಂ, ನಾನು ಇಲ್ಲೇ ಇರುವುದು.

ಮೊದಲ ಪ್ರಶ್ನೆಗೆ ನೇರ ಉತ್ತರ, ಬೇಡ. ಮೀನನ್ನು ನಾಯಿ ಬೆಕ್ಕಿನ ಹಾಗೆ ಜೊತೆಯಲ್ಲಿ ಕರೆದುಕೊಂಡು ಬರಲು ಆಗುವುದಿಲ್ಲ, ಕಾರ್ಗೋದಲ್ಲಿ ಹಾಕಬೇಕು. ಆರೋಗ್ಯದ ಸರ್ಟಿಫಿಕೇಟು, ಎರಡೂ ಕಡೆಯ ಕಾಗದಪತ್ರ, ತಪಾಸಣೆ, ಏಜೆಂಟು, ಎಲ್ಲ ಸೇರಿ ಮೀನಿನ ಬೆಲೆಯ ಎಷ್ಟೋ ಪಟ್ಟು ಖರ್ಚು. ಖರ್ಚು ಹೋಗಲಿ ಅಂದರೂ, ಹತ್ತಿಂಚಿನ ಆಸ್ಕರ್ ಕವರಿನೊಳಗೆ ಅಷ್ಟು ಹೊತ್ತು ತನ್ನದೇ ಗಲೀಜಿನಲ್ಲಿ ಕೂರಬೇಕು. ಬಂದಿಳಿದ ದಿನ ನಿಮಗೆ ಮನೆಯೇ ಸರಿಯಾಗಿ ಸಿಕ್ಕಿರುವುದಿಲ್ಲ, ಮೀನಿಗೆ ಓಡುತ್ತಿರುವ ಟ್ಯಾಂಕು ಎಲ್ಲಿಂದ ತರುತ್ತೀರಿ? ಮಗಳಿಗೆ ಸಮಾಧಾನ ಹೇಳಿ. ಇಲ್ಲಿ ಬಾಡಿಗೆ ಮನೆಯಲ್ಲಿ ಮೀನು ಸಾಕಲು ಸಾಮಾನ್ಯವಾಗಿ ತಕರಾರು ಇಲ್ಲ. ಕ್ಲೈನ್ಆನ್‌ಸೈಗನ್ ಅನ್ನುವ ಸೈಟಿನಲ್ಲಿ ಹಳೆಯ ಟ್ಯಾಂಕುಗಳು ಸ್ಟ್ಯಾಂಡ್ ಸಮೇತ ಕಡಿಮೆ ಬೆಲೆಗೆ ಸಿಗುತ್ತವೆ. ನಿಮ್ಮ ಹಾಗೆಯೇ ಊರು ಬಿಡುವವರು ಮಾರುತ್ತಿರುತ್ತಾರೆ. ಮನೆ ಸೇರಿ ನೆಲೆ ನಿಂತ ಮೇಲೆ ಹೊಸದಾಗಿ ಶುರು ಮಾಡಬಹುದು.

ಗಪ್ಪಿಯ ಬಗ್ಗೆ ಇಲ್ಲಿಯ ಒಂದು ವಿಷಯ ಹೇಳುತ್ತೇನೆ. ಕಲೋನ್ ಹತ್ತಿರ ಗಿಲ್‌ಬಾಖ್ ಅಂತ ಒಂದು ಸಣ್ಣ ತೊರೆ ಇದೆ. ನೀಡರ್‌ಔಸೆಮ್ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಬಿಸಿನೀರು ಅದಕ್ಕೆ ಸೇರುವುದರಿಂದ ಚಳಿಗಾಲದಲ್ಲೂ ಬೆಚ್ಚಗಿರುತ್ತದೆ. ಹಿಮ ಬೀಳುವ ಈ ದೇಶದಲ್ಲಿ ಆ ತೊರೆಯಲ್ಲಿ ಗಪ್ಪಿಗಳು ಸಂಸಾರ ಮಾಡಿಕೊಂಡಿವೆ, ನಿಮ್ಮ ಆಸ್ಕರ್ ಕುಟುಂಬದ ಸಿಕ್ಲಿಡ್‌ಗಳೂ ಇವೆ. ಎಲ್ಲವೂ ಯಾರೋ ಮನೆಯಿಂದ ತಂದು ಬಿಟ್ಟದ್ದು. ಚಳಿ ದೇಶದಲ್ಲೇ ಹೀಗಾದರೆ ನಮ್ಮ ಬೆಂಗಳೂರಿನ ನೀರಿನಲ್ಲಿ ಹೇಗೆ ಹೆಚ್ಚುತ್ತವೆ ಯೋಚಿಸಿ. ಇಲ್ಲಿ ಸಾಕಿದ ಪ್ರಾಣಿಯನ್ನು ಎಲ್ಲೋ ಬಿಟ್ಟು ಬರುವುದು ಪ್ರಾಣಿ ರಕ್ಷಣೆ ಕಾನೂನಿನ ಪ್ರಕಾರ ಅಪರಾಧ. ಮೀನಿಗೂ ಅದು ಅನ್ವಯ ಆಗುತ್ತದೆ.

ಕಡಲತಡಿ:

ಗಪ್ಪಿಯನ್ನು ಸೊಳ್ಳೆ ನಿಯಂತ್ರಣಕ್ಕೆ ಅಂತ ಇಲಾಖೆಯವರೇ ಬಿಡುತ್ತಿದ್ದರು, ಹಾಗಾಗಿ ಜನಕ್ಕೆ ಅದು ಒಳ್ಳೆಯ ಕೆಲಸ ಅನ್ನಿಸುತ್ತದೆ. ಆದರೆ ಸೊಳ್ಳೆ ಮರಿ ತಿನ್ನುವ ಮೀನು ನಮ್ಮಲ್ಲೇ ಇದೆ. ನೀರಿನ ಮೇಲ್ಮೈಯಲ್ಲಿ ಓಡಾಡುವ, ತಲೆ ಮೇಲೆ ಬಿಳಿ ಚುಕ್ಕೆ ಹೊಳೆಯುವ ಕಿಲ್ಲಿ ಮೀನು ಗದ್ದೆ, ತೋಡು, ಬಾವಿಯಲ್ಲೆಲ್ಲ ಇರುತ್ತಿತ್ತು. ಗಪ್ಪಿ ಬಂದ ಕಡೆ ಅದಕ್ಕೂ ಜಾಗ ಇಲ್ಲ, ಊಟವೂ ಇಲ್ಲ. ಗಪ್ಪಿಯನ್ನು ಮನೆಯ ಮುಚ್ಚಿದ ತೊಟ್ಟಿಯಲ್ಲಿ, ಹೊರಗೆ ಹರಿದು ಹೋಗದ ಕಡೆ ಇಟ್ಟುಕೊಳ್ಳುವವರಿಗೆ ಕೊಡಿ. ಪಾರ್ಕಿನ ಕೊಳ ಮಳೆ ಬಂದಾಗ ಚರಂಡಿಗೆ ಹರಿಯುತ್ತದೆ, ಹಾಗಾಗಿ ಅದೂ ಬೇಡ. ಗಪ್ಪಿಯನ್ನು ಅಂಗಡಿಯವರೂ ಸಂತೋಷದಿಂದ ತೆಗೆದುಕೊಳ್ಳುತ್ತಾರೆ, ಅದು ನಿಮಗೆ ತಲೆನೋವೇ ಅಲ್ಲ.

ಮದ್ದೂರು_ತೋಟ:

ಅಕ್ಕ, ನಮ್ಮದು ಮದ್ದೂರು ಹತ್ತಿರ ತೋಟ. ಕೃಷಿ ಹೊಂಡ ಇದೆ, ನೀರು ಚೆನ್ನಾಗಿದೆ, ಕಾಟ್ಲಾ ರೋಹು ಬಿಟ್ಟಿದ್ದೀವಿ. ನಿಮ್ಮ ಸಕ್ಕರ್ ಯಾರಿಗೂ ಬೇಡ ಅಂದರೆ ನಾನು ತೆಗೆದುಕೊಳ್ಳುತ್ತೇನೆ. ಹೊಂಡದಲ್ಲಿ ಪಾಚಿ ಬೇಕಾದಷ್ಟಿದೆ, ಆರಾಮಾಗಿ ಇರುತ್ತದೆ.

ಕಡಲತಡಿ:

ಅಣ್ಣ, ನಿಮ್ಮ ಮನಸ್ಸು ದೊಡ್ಡದು, ಆದರೆ ಹೊಂಡಕ್ಕೆ ಖಂಡಿತ ಬೇಡ. ಜೋರು ಮಳೆಗೆ ಹೊಂಡ ಕೋಡಿ ಬೀಳುತ್ತದೆ, ನೀರು ಹಳ್ಳಕ್ಕೆ ಹೋಗುತ್ತದೆ, ಹಳ್ಳ ಶಿಂಷಾಕ್ಕೆ, ಶಿಂಷಾ ಕಾವೇರಿಗೆ. ಕೇರಳದಲ್ಲಿ ಅರಪೈಮಾ ತಪ್ಪಿಸಿಕೊಂಡಿದ್ದೂ ಹೀಗೆಯೇ. ಅದೂ ಅಲ್ಲದೆ ಹೊಂಡದ ಏರಿಯಲ್ಲಿ ಬಿಲ ತೋಡಿದರೆ ನಷ್ಟ ನಿಮಗೇ. ಕಾಟ್ಲಾ ಹಿಡಿಯುವಾಗ ಬಲೆಯೂ ಹಾಳು. ತೋಟದಲ್ಲಿ ಸಿಮೆಂಟ್ ತೊಟ್ಟಿ ಇದ್ದರೆ ಹೇಳಿ. ಅದರ ನೀರು ಹೊರಗೆ ಹೋಗುವ ಪೈಪಿಗೆ ಜಾಲರಿ ಹಾಕಿ, ಮೇಲೆ ಅರ್ಧ ಅಡಿ ಖಾಲಿ ಬಿಟ್ಟು ತುಂಬಿಸಿದರೆ ಅದಕ್ಕಿಂತ ಒಳ್ಳೆಯ ಮನೆ ಆ ಮೀನಿಗೆ ಸಿಗುವುದಿಲ್ಲ.

ಮದ್ದೂರು_ತೋಟ:

ಇದೆ ಮೇಡಂ, ದನಗಳಿಗೆ ನೀರು ಕುಡಿಸಲು ಅಂತ ಕಟ್ಟಿಸಿದ್ದ ಹಳೇ ತೊಟ್ಟಿ, ಹತ್ತಡಿ ಉದ್ದ ಇದೆ. ಈಗ ಬಳಸುತ್ತಿಲ್ಲ. ಮರದ ನೆರಳಲ್ಲೇ ಇದೆ. ಶಿಂಷಾ ವಿಷಯ ನನಗೆ ಹೊಳೆದಿರಲಿಲ್ಲ, ಹೊಂಡಕ್ಕೆ ಬಿಡುವುದಿಲ್ಲ. ಏನು ಹಾಕಬೇಕು ತಿನ್ನಲು?

ವಿಜಯನಗರ_ಟ್ಯಾಂಕು:

ಸಕ್ಕರ್‌ಗೆ ಸೌತೆಕಾಯಿ, ಸೀಮೆಬದನೆ, ಕುಂಬಳಕಾಯಿ ಹೋಳು ಸಾಕು, ರಾತ್ರಿ ಹೊತ್ತು ಹಾಕಿ, ಉಳಿದದ್ದನ್ನು ಬೆಳಿಗ್ಗೆ ತೆಗೆದುಬಿಡಿ. ಜೊತೆಗೆ ತಳಕ್ಕೆ ಮುಳುಗುವ ಪೆಲ್ಲೆಟ್ ಆಗೊಮ್ಮೆ ಈಗೊಮ್ಮೆ. ಅವಿತುಕೊಳ್ಳಲು ಒಂದು ದಪ್ಪ ಪಿವಿಸಿ ಪೈಪ್ ತುಂಡು ಹಾಕಿ.

ಈಗ ಸಾಗಿಸುವ ವಿಷಯ. ಮೇಡಂ, ಇದನ್ನು ಸ್ವಲ್ಪ ಗಮನವಿಟ್ಟು ಓದಿ, ಕೊಡುವ ದಿನವೇ ಮೀನು ಸಾಯುವುದು ಜಾಸ್ತಿ.

ಹೊರಡುವ ಹಿಂದಿನ ದಿನದಿಂದಲೇ ಊಟ ನಿಲ್ಲಿಸಿ, ಆಸ್ಕರ್‌ಗೆ ಎರಡು ದಿನ ಮೊದಲೇ ನಿಲ್ಲಿಸಿದರೂ ತೊಂದರೆ ಇಲ್ಲ. ಹಸಿವಿನಿಂದ ಏನೂ ಆಗುವುದಿಲ್ಲ, ಆದರೆ ಹೊಟ್ಟೆ ತುಂಬಿದ ಮೀನು ಕವರಿನಲ್ಲಿ ಗಲೀಜು ಮಾಡಿದರೆ ಅಮೋನಿಯಾ ಏರಿ ಅದೇ ವಿಷ ಆಗುತ್ತದೆ. ಗಪ್ಪಿ, ಏಂಜೆಲ್‌ಗೆ ಕವರ್ ಸಾಕು. ಒಂದು ಭಾಗ ನೀರು, ಎರಡು ಭಾಗ ಗಾಳಿ, ಎರಡು ಕವರ್ ಒಂದರೊಳಗೊಂದು, ಮೂಲೆಗಳನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಇಲ್ಲದಿದ್ದರೆ ಸಣ್ಣ ಮೀನು ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ದೂರ ಇದ್ದರೆ ಅಂಗಡಿಯಲ್ಲಿ ಆಕ್ಸಿಜನ್ ತುಂಬಿಸಿ. ಥರ್ಮಾಕೋಲ್ ಡಬ್ಬದಲ್ಲಿಟ್ಟು ಮುಚ್ಚಿದರೆ ಕತ್ತಲಲ್ಲಿ ಮೀನು ಸುಮ್ಮನಿರುತ್ತದೆ, ನೀರು ಬಿಸಿಯಾಗುವುದೂ ಇಲ್ಲ.

ದೊಡ್ಡ ಮೂರಕ್ಕೂ ಕವರ್ ಬೇಡ. ಮುಚ್ಚಳ ಇರುವ ಡ್ರಮ್ಮು ಅಥವಾ ದೊಡ್ಡ ಬಕೆಟ್ಟು, ಒಂದೊಂದಕ್ಕೂ ಬೇರೆ ಬೇರೆ. ಬ್ಯಾಟರಿಯಲ್ಲಿ ಓಡುವ ಏರ್ ಪಂಪ್ ಇಟ್ಟರೆ ನಿಶ್ಚಿಂತೆ. ಸಕ್ಕರನ್ನು ಮಾತ್ರ ಬಲೆಯಲ್ಲಿ ಹಿಡಿಯಲೇಬೇಡಿ, ರೆಕ್ಕೆಯ ಮುಳ್ಳು ಬಲೆಗೆ ಸಿಕ್ಕಿಕೊಂಡರೆ ಬಿಡಿಸುವಷ್ಟರಲ್ಲಿ ಅದಕ್ಕೂ ಗಾಯ, ನಿಮ್ಮ ಕೈಗೂ ಗಾಯ. ನೀರೊಳಗೇ ಒಂದು ಪ್ಲಾಸ್ಟಿಕ್ ಡಬ್ಬ ಮುಳುಗಿಸಿ ಅದರೊಳಗೆ ಓಡಿಸಿ ಎತ್ತಿ.

ಟ್ಯಾಂಕನ್ನು ಮರಳು, ನೀರು ಸಮೇತ ಎತ್ತಿದರೆ ಸಿಲಿಕಾನ್ ಜಾಯಿಂಟ್ ಬಿಡುತ್ತದೆ. ಪೂರ್ತಿ ಖಾಲಿ ಮಾಡಿಯೇ ಎತ್ತಿಸಿ. ಫಿಲ್ಟರಿನ ಸ್ಪಾಂಜು, ಸೆರಾಮಿಕ್ ರಿಂಗ್ ಇವನ್ನು ನಲ್ಲಿ ನೀರಿನಲ್ಲಿ ತೊಳೆದರೆ ಎಲ್ಲ ಹೋಯಿತು, ಅಮೋನಿಯಾ ಕರಗಿಸುವ ಬ್ಯಾಕ್ಟೀರಿಯಾ ಇರುವುದು ಅದರಲ್ಲೇ, ಕ್ಲೋರಿನ್ ತಗುಲಿದರೆ ಸಾಯುತ್ತವೆ. ಟ್ಯಾಂಕಿನದ್ದೇ ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿ ಒಯ್ದು, ತಲುಪಿದ ತಕ್ಷಣ ಮೊದಲು ಫಿಲ್ಟರ್ ಓಡಿಸಿ.

ಹೊಸ ನೀರಿಗೆ ಬಿಡುವಾಗ ಅವಸರ ಬೇಡ, ಅದರಲ್ಲೂ ಕಾವೇರಿ ನೀರಿನಿಂದ ಬೋರ್ ನೀರಿಗೆ ಹೋಗುತ್ತಿದ್ದರೆ. ನೀರಿನ ಗಡಸುತನ, ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ) ಎರಡೂ ಬೇರೆ ಇರುತ್ತದೆ. ಊರೊಳಗಿನ ಸಣ್ಣ ಪ್ರಯಾಣಕ್ಕೆ ಒಂದು ಗಂಟೆ ಸ್ವಲ್ಪ ಸ್ವಲ್ಪ ಹೊಸ ನೀರು ಸೇರಿಸುತ್ತಾ ಹೋಗಿ. ಆದರೆ ತುಂಬಾ ಹೊತ್ತು ಬಿಗಿಯಾಗಿ ಕಟ್ಟಿದ ಕವರಿಗೆ ಈ ಲೆಕ್ಕ ಬೇರೆ. ಕವರ್ ಬಿಚ್ಚಿದ ಕೂಡಲೇ ಒಳಗಿನ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗಿ ಪಿಎಚ್ ಏರುತ್ತದೆ, ಅಲ್ಲಿಯವರೆಗೆ ಅಷ್ಟಾಗಿ ಕಾಡದ ಅಮೋನಿಯಾ ಒಮ್ಮೆಗೇ ವಿಷ ಆಗುತ್ತದೆ. ಅಂಥ ಕವರನ್ನು ಬಿಚ್ಚದೆ ಹೊಸ ಟ್ಯಾಂಕಿನ ನೀರಿನ ಮೇಲೆ ಸ್ವಲ್ಪ ಹೊತ್ತು ತೇಲಿಬಿಡಿ, ಬಿಸಿ ಸಮ ಆದ ಮೇಲೆ ಬಿಚ್ಚಿ ಬೇಗ ಮೀನನ್ನು ಮಾತ್ರ ದಾಟಿಸಿ, ಹಳೆ ನೀರು ಸುರಿಯಬೇಡಿ. ಮೊದಲ ದಿನ ದೀಪ ಹಾಕಬೇಡಿ, ಊಟ ಹಾಕಬೇಡಿ ಅಂತ ತೆಗೆದುಕೊಂಡವರಿಗೂ ಹೇಳಿ.

ಕೆಂಗೇರಿ_ಸೀನ:

ಮಧ್ಯದಲ್ಲಿ ಬಂದು ಕೇಳುತ್ತಿದ್ದೇನೆ, ಕ್ಷಮಿಸಿ. ನಮ್ಮಣ್ಣನೂ ದುಬೈಗೆ ಹೋಗುತ್ತಿದ್ದಾನೆ, ಅವನ ಹತ್ತಿರ ಅರೋವಾನಾ ಇದೆ. ಅದನ್ನೂ ಹೀಗೆ ಕೊಡಬಹುದಾ?

ಕಡಲತಡಿ:

ಯಾವ ಅರೋವಾನಾ ಅಂತ ಮೊದಲು ನೋಡಿ. ಸಿಲ್ವರ್ ಅರೋವಾನಾ ಆದರೆ ಸಾಮಾನ್ಯ ಮೀನಿನ ಹಾಗೆಯೇ. ರೆಡ್, ಗೋಲ್ಡನ್ ಅಂತ ದುಬಾರಿ ಬೆಲೆಗೆ ಮಾರುವ ಏಷ್ಯನ್ ಅರೋವಾನಾ ಆದರೆ ಅದು ಅಪಾಯದಲ್ಲಿರುವ ಪ್ರಾಣಿ, ಗಿಡಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಅಂಥ ಪ್ರಾಣಿ ಇಟ್ಟುಕೊಂಡವರು ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ಇನ್ನೊಬ್ಬರಿಗೆ ಕೊಟ್ಟರೂ ಅದನ್ನು ತಿಳಿಸಬೇಕು. ಅರಪೈಮಾ ಇಟ್ಟುಕೊಂಡವರಿಗೂ ಇದೇ ಮಾತು. ಅಣ್ಣನಿಗೆ ಮೊದಲು ಕಾಗದಪತ್ರ ಸರಿ ಮಾಡಿಕೊಳ್ಳಲು ಹೇಳಿ, ಆಮೇಲೆ ಮೀನು ಕೈ ಬದಲಾಗಲಿ.

ಬಸವನಗುಡಿ_ಮನೆ:

ಸುದ್ದಿ ಹೇಳಬೇಕು ಅಂತ ಬಂದೆ. ವಿಜಯನಗರ ಅವರು ಹೇಳಿದ ಹಾಗೆ ಟ್ಯಾಂಕ್ ಕ್ಲೀನ್ ಮಾಡುವವರನ್ನು ವಿಚಾರಿಸಿದೆ. ಜಯನಗರದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ 6 ಅಡಿ ಟ್ಯಾಂಕು ಇದೆಯಂತೆ, ಅಲ್ಲಿಯ ಡಾಕ್ಟರು ವಿಡಿಯೋ ಕಳಿಸಿದರು, ನೀರು ತಿಳಿಯಾಗಿದೆ, ದೊಡ್ಡ ಫಿಲ್ಟರ್ ಇದೆ, ಬೇರೆ ಸಣ್ಣ ಮೀನಿಲ್ಲ. ಎರಡೂ ಆಸ್ಕರ್ ಅಲ್ಲಿಗೆ ಹೋಗುತ್ತವೆ. ಮಗಳು ಅವರಿಗೆ ಎರಡು ಪುಟದ ಕಾಗದ ಬರೆದಿದ್ದಾಳೆ, ಯಾವುದಕ್ಕೆ ಯಾವ ಪೆಲ್ಲೆಟ್ ಇಷ್ಟ, ಯಾವುದು ಮೊದಲು ತಿಂದು ಇನ್ನೊಂದರದ್ದನ್ನೂ ಕಸಿದುಕೊಳ್ಳುತ್ತದೆ ಅಂತೆಲ್ಲ. ಗಪ್ಪಿಗಳು ಅಂಗಡಿಗೆ. ಸಕ್ಕರ್ ಮದ್ದೂರಿನ ಅಣ್ಣನಿಗೆ, ಅವರ ಜೊತೆ ಫೋನಿನಲ್ಲಿ ಮಾತಾಡಿದೆ.

ಏಂಜೆಲ್ ಒಂದು ಮಾತ್ರ ಉಳಿದಿದೆ. ಈಗೀಗ ಊಟ ಬಿಟ್ಟಿದೆ, ಒಂದು ಕಡೆ ವಾಲಿಕೊಂಡು ಈಜುತ್ತದೆ. ಇದನ್ನು ಕೊಡುವುದೇ ತಪ್ಪೇನೋ ಅನ್ನಿಸುತ್ತಿದೆ.

ಕಡಲತಡಿ:

ಕಾಯಿಲೆ ಇರುವುದನ್ನು ಬೇರೆಯವರ ಟ್ಯಾಂಕಿಗೆ ಕೊಡಬೇಡಿ, ಅವರ ಮೀನಿಗೂ ಕಷ್ಟ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ, ಮೀನು ನೋಡುವ ವೈದ್ಯರು ಯಾರು ಅಂತ ಹೇಳುತ್ತಾರೆ. ವಾಸಿ ಆಗುವ ಹಾಗಿದ್ದರೆ ಔಷಧಿ ಕೊಡುತ್ತಾರೆ. ಆಗುವುದಿಲ್ಲ ಅಂದರೆ ಲವಂಗದ ಎಣ್ಣೆ ಬೆರೆಸಿದ ನೀರಿನಲ್ಲಿ ಪ್ರಜ್ಞೆ ತಪ್ಪಿಸಿ ನೋವಿಲ್ಲದೆ ಕಳಿಸಿಕೊಡುವ ಕ್ರಮ ಇದೆ, ಎಷ್ಟು ಹಾಕಬೇಕು ಅನ್ನುವುದನ್ನು ವೈದ್ಯರಿಂದಲೇ ಕೇಳಿ ಮಾಡಿ. ಫ್ಲಶ್ ಮಾಡುವುದು, ಫ್ರೀಜರಿನಲ್ಲಿಡುವುದು, ಎರಡೂ ಹಿಂಸೆ. ಇಷ್ಟು ವರ್ಷ ಸಾಕಿದ್ದೀರಿ, ಕೊನೆಗೂ ನಿಮ್ಮ ಮನೆಯಲ್ಲೇ ಇರಲಿ ಬಿಡಿ.

ಮದ್ದೂರು_ತೋಟ:

ಅಕ್ಕ, ತೊಟ್ಟಿ ತೊಳೆಸಿ ನೀರು ತುಂಬಿಸಿದ್ದೇನೆ, ಹೊರಗಿನ ಪೈಪಿಗೆ ಸ್ಟೀಲ್ ಜಾಲರಿ ಹಾಕಿಸಿ ಸಿಮೆಂಟ್ ಮಾಡಿಸಿದೆ. ಬೋರ್ ನೀರು, ಒಂದು ವಾರ ನಿಂತಿರಲಿ. ಮುಂದಿನ ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲೇ ನಾನೂ ತಮ್ಮನೂ ಗಾಡಿ ತರುತ್ತೇವೆ, ಮುಚ್ಚಳದ ಡ್ರಮ್ಮು ನಮ್ಮದೇ ಇದೆ, ಔಷಧಿ ಡ್ರಮ್ಮಲ್ಲ, ಹಾಲಿನದು. ಶುಕ್ರವಾರದಿಂದ ಊಟ ಹಾಕಬೇಡಿ. ಆ ಪಿವಿಸಿ ಪೈಪ್ ತುಂಡು ನಿಮ್ಮ ಟ್ಯಾಂಕಿನಲ್ಲಿ ಇದ್ದರೆ ಅದನ್ನೂ ಜೊತೆಗೆ ಕೊಡಿ.